ಕಲ್ಯಾಣಪುರದ ಇಗರ್ಜಿ ಪೋರ್ಚುಗೀಸರದ್ದೋ, ಗೋವೆಯಿಂದ ಬಂದ ಒಕ್ಕಲುಗಳದ್ದೋ?

ಸ್ವರ್ಣೆಯ ದಡ:
ನಮ್ಮ ಶಾಲೆಯ ಮಕ್ಕಳಿಗಾಗಿ ಸುತ್ತಮುತ್ತಲಿನ ಹಳೆಯ ಕಟ್ಟಡಗಳ ಬಗ್ಗೆ ಒಂದು ಕಿರುಪುಸ್ತಕ ಮಾಡುತ್ತಿದ್ದೇವೆ. ಉಡುಪಿ ಹತ್ತಿರದ ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿಯ (ಚರ್ಚಿನ) ಪುಟಕ್ಕೆ ಒಬ್ಬರು ಬರೆದುಕೊಟ್ಟ ಮೊದಲ ಸಾಲು ಹೀಗಿದೆ: "1678ರಲ್ಲಿ ಪೋರ್ಚುಗೀಸರು ಕಟ್ಟಿಸಿದ ಇಗರ್ಜಿ." ಈ ಸಾಲು ನನಗೆ ಒಪ್ಪಿಗೆಯಾಗುತ್ತಿಲ್ಲ. ಪೋರ್ಚುಗೀಸರು ಕೋಟೆ ಮತ್ತು ಹಡಗಿನವರು. ಇಲ್ಲಿ ಗದ್ದೆ ಉತ್ತು, ತೆಂಗು ನೆಟ್ಟು, ತಮ್ಮ ಸತ್ತವರನ್ನು ಇದೇ ಮಣ್ಣಿನಲ್ಲಿ ಮಲಗಿಸಿದವರು ಗೋವೆಯಿಂದ ವಲಸೆ ಬಂದ ಕೊಂಕಣಿ ಕ್ರೈಸ್ತರು. ಇಗರ್ಜಿ ಅವರು ಕಟ್ಟಿದ್ದು ಎಂದು ಬರೆದರೆ ತಪ್ಪೇ? ತಿಳಿದವರು ಹೇಳಿ.

ಶಾಸನಪ್ರಿಯ:
ಭಾವನೆ ಅರ್ಥವಾಗುತ್ತದೆ ಸರ್, ಆದರೆ ದಾಖಲೆ ಅಷ್ಟು ಸುಲಭವಾಗಿ ನಿಮ್ಮ ಕಡೆ ವಾಲುವುದಿಲ್ಲ. ಕೆಳದಿಯ ರಾಣಿ ಚೆನ್ನಮ್ಮ ಮಿರ್ಜಾನ, ಹೊನ್ನಾವರ, ಚಂದಾವರ, ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಲು ಅನುಮತಿ ಕೊಟ್ಟದ್ದು ಪೋರ್ಚುಗೀಸರಿಗೆ, ಬಂದು ನೆಲೆಸಿದ ಒಕ್ಕಲುಗಳಿಗಲ್ಲ. ಅದರ ಹಿಂದೆ ಇದ್ದದ್ದು ಅಕ್ಕಿ ಮತ್ತು ಕಾಳುಮೆಣಸಿನ ವ್ಯಾಪಾರ. ಗೋವೆಯ ಹೊಟ್ಟೆ ತುಂಬುತ್ತಿದ್ದದ್ದೇ ನಮ್ಮ ಕರಾವಳಿಯ ಅಕ್ಕಿಯಿಂದ. ಅದಕ್ಕೂ ನೂರು ವರ್ಷ ಮೊದಲು, 1568ರಲ್ಲಿ ಮಂಗಳೂರಿನ ರೊಸಾರಿಯೊ, 1570ರಲ್ಲಿ ಕುಂದಾಪುರದ ಇಗರ್ಜಿ ಎದ್ದದ್ದು ಪೋರ್ಚುಗೀಸರು ಇಲ್ಲಿ ಕಾಲೂರಿದ ಕಾಲದಲ್ಲೇ. ಪಾದ್ರೊವಾದೊ ಎಂಬ ಏರ್ಪಾಡಿನಂತೆ ಇಗರ್ಜಿಗಳ ಪಾಲನೆ, ಪಾದ್ರಿಗಳ ನೇಮಕ ಪೋರ್ಚುಗಲ್ ದೊರೆಯ ಹಕ್ಕೂ ಹೌದು, ಹೊಣೆಯೂ ಹೌದು. ಇದನ್ನೆಲ್ಲ ಬಿಟ್ಟು ವಲಸಿಗರೇ ಕಟ್ಟಿದರು ಎಂದರೆ ಇನ್ನೊಂದು ಅರ್ಧಸತ್ಯವಾಗುತ್ತದೆ.

ಬಾರ್ಕೂರಿನವಳು:
ಅಲ್ಲ ಮಾರಾಯ್ರೆ, ಕರಾರಿನ ಕಾಗದದಲ್ಲಿ ಯಾರ ಹೆಸರಿದೆ ಎಂಬುದು ಒಂದು, ಭಾನುವಾರ ಆ ಇಗರ್ಜಿಯಲ್ಲಿ ಮೊಣಕಾಲೂರಿದವರು ಯಾರು ಎಂಬುದು ಇನ್ನೊಂದು. ಕೋಟೆಯ ಪಕ್ಕದ ಇಗರ್ಜಿಗಳ ಬಗ್ಗೆ ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಕಲ್ಯಾಣಪುರದಂಥ ಚಿಕ್ಕ ಪೇಟೆಯಲ್ಲಿ ಜನ ಮೊದಲು ಬಂದರು, ಇಗರ್ಜಿ ಆಮೇಲೆ ಬಂತು.

ಪಾದ್ರಿಗಳೂ ಎಲ್ಲರೂ ಬಿಳಿಯರಾಗಿರಲಿಲ್ಲ. ಚೆನ್ನಮ್ಮ ಕೊಟ್ಟ ಜಾಗದಲ್ಲಿ 1680ರಲ್ಲಿ ಮಂಗಳೂರಿನ ಮಿಲಾಗ್ರಿಸ್ ಕಟ್ಟಿಸಿದ ಬಿಷಪ್ ತೋಮಸ್ ದೆ ಕಾಸ್ತ್ರೊ ಗೋವೆಯ ದಿವಾಡಿ ದ್ವೀಪದವರು. ಅವರನ್ನು ನೇಮಿಸಿದ್ದು ರೋಮ್, ಪೋರ್ಚುಗಲ್ ದೊರೆಯಲ್ಲ. ಗೋವೆಗೆ ಅದು ಸುತರಾಂ ಇಷ್ಟವಿರಲಿಲ್ಲ. 1681ರಲ್ಲಿ ಗೋವೆಯ ಕಡೆಯಿಂದ ಇಲ್ಲಿಗೆ ಬಂದ ಜೋಸೆಫ್ ವಾಜ್ ಕೂಡ ಗೋವೆಯ ಕೊಂಕಣಿಗರೇ. ಬಸ್ರೂರು, ಗಂಗೊಳ್ಳಿ, ಕುಂದಾಪುರ ಎಂದು ಓಡಾಡಿ ಚೆದುರಿಹೋಗಿದ್ದ ಕುಟುಂಬಗಳನ್ನು ಒಂದು ಮಾಡಿದ್ದು ಅವರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದಾಗ ನಮ್ಮ ಮನೆಯಲ್ಲಿ ಎಲ್ಲರೂ ಟಿ.ವಿ. ಮುಂದೆ ಕೂತಿದ್ದೆವು.

ನಮ್ಮಲ್ಲಿ ವಾಡೊಗೊಬ್ಬ, ಅಂದರೆ ಇಗರ್ಜಿಯ ಕೇರಿಗೊಬ್ಬ, ಗುರ್ಕಾರ್ ಇರುತ್ತಾನೆ: ಮದುವೆ, ಮರಣ, ಜಗಳ, ಹಬ್ಬ, ಏನಿದ್ದರೂ ಮೊದಲು ಹೇಳುವುದು ಅವನಿಗೆ. ಆ ಪದ ಲ್ಯಾಟಿನ್ನೂ ಅಲ್ಲ, ಪೋರ್ಚುಗೀಸೂ ಅಲ್ಲ. ನಮ್ಮ ಊರಿನ ಗುರಿಕಾರನೇ ಅವನು. ಇಗರ್ಜಿಯ ಆಡಳಿತಕ್ಕೆ ಈ ನೆಲದ ಪದ ಯಾಕೆ ಬಂತು, ಯೋಚಿಸಿ.

ಕುಮಟಾ ಮೂಲದವ:
ಮಧ್ಯೆ ಒಂದು ಪ್ರಶ್ನೆ. ಗೋವೆಯಿಂದ ಇವರು ಬಂದದ್ದು ಇನ್‌ಕ್ವಿಸಿಷನ್‌ಗೆ (ಪೋರ್ಚುಗೀಸರ ಮತವಿಚಾರಣೆಯ ನ್ಯಾಯಾಲಯಕ್ಕೆ) ಹೆದರಿ ತಾನೆ? ಹಾಗಾದರೆ ಪೋರ್ಚುಗೀಸರಿಂದ ಓಡಿಬಂದವರ ಇಗರ್ಜಿಯನ್ನು ಪೋರ್ಚುಗೀಸರೇ ಕಟ್ಟಿಸಿದರು ಎನ್ನುವುದು ವಿಚಿತ್ರವಲ್ಲವೇ?

ಶಾಸನಪ್ರಿಯ:
ಅದೊಂದೇ ಕಾರಣವಲ್ಲ. 1560ರಲ್ಲಿ ಇನ್‌ಕ್ವಿಸಿಷನ್ ಬಂದ ಮೇಲೆ ಹಳೆಯ ಪದ್ಧತಿ ಬಿಡದ ಹೊಸ ಕ್ರೈಸ್ತರಿಗೆ ಕಾಟವಿದ್ದದ್ದು ನಿಜ. ಅದರ ಜೊತೆಗೆ 1570ರ ಆದಿಲ್‌ಶಾಹಿ ಯುದ್ಧ, ಬರ, ರೋಗ, ಕಂದಾಯದ ಹೊರೆ, 1683ರಲ್ಲಿ ಗೋವೆಯ ಸಾಷ್ಟಿ ಮತ್ತು ಬಾರ್ದೇಶದ ಮೇಲೆ ಮರಾಠರ ದಾಳಿ. ಅಲೆ ಅಲೆಯಾಗಿ ಬಂದರು. ಇಲ್ಲಿ ಕೆಳದಿಯ ಅರಸರಿಗೆ ಬೇಸಾಯ ಬಲ್ಲ ಕೈಗಳು ಬೇಕಿದ್ದವು. ಓಡಿಬಂದವರು ಎಂಬ ಒಂದೇ ಪದದಲ್ಲಿ ಆ ಜನರನ್ನು ಮುಗಿಸಬೇಡಿ, ಅವರು ಬದುಕು ಹುಡುಕಿಕೊಂಡೂ ಬಂದವರು.

ಬಾರ್ಕೂರಿನವಳು:
ಈ ಮಾತಿಗೆ ಧನ್ಯವಾದ. ಬಿಡದೆ ತಂದ ಪದ್ಧತಿಗಳು ಇನ್ನೂ ಇವೆ. ಮದುವೆಯ ಮುನ್ನಾದಿನ ತೆಂಗಿನಹಾಲು ಹಚ್ಚುವ ರೋಸ್ ಎಂಬ ಶಾಸ್ತ್ರ ಇದೆ. ಕೆಲವು ಮನೆಗಳಲ್ಲಿ ಪ್ರಭು, ಕಾಮತ್, ಶೆಣೈ ಎಂಬ ಹಳೆಯ ಮನೆತನದ ಹೆಸರನ್ನು ಇವತ್ತಿಗೂ ನೆನಪಿಟ್ಟುಕೊಂಡಿದ್ದಾರೆ. ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ (ಮೇರಿ ಮಾತೆಯ ಹುಟ್ಟುಹಬ್ಬಕ್ಕೆ) ಹೊಸ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವದಿಸಿ ಮನೆಗೆ ತಂದು, ಕಾಳು ಸುಲಿದು ಪಾಯಸಕ್ಕೋ ಹಾಲಿಗೋ ಹಾಕಿ ಎಲ್ಲರೂ ಕುಡಿಯುತ್ತೇವೆ. ಪಕ್ಕದ ಹಿಂದೂ ಮನೆಯ ಹೊಸ್ತು ನೋಡಿದವರಿಗೆ ಇದು ಬೇರೆಯೆನಿಸುವುದಿಲ್ಲ.

ಇನ್ನೊಂದು ವಿಷಯ ಎಲ್ಲರೂ ದಾಟಿಹೋಗುತ್ತಿದ್ದೀರಿ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದರು, ಬಾರ್ಕೂರಿನದೂ ಸೇರಿ ಹಲವು ಇಗರ್ಜಿಗಳನ್ನು ಕೆಡವಿದರು. ಸಂಖ್ಯೆಯ ಬಗ್ಗೆ ವಿದ್ವಾಂಸರಲ್ಲಿ ವಾದವಿರಬಹುದು, ನಮ್ಮ ಮನೆಗಳಲ್ಲಿ ಆ ದಾರಿಯ ನೆನಪಿಗೆ ವಾದವಿಲ್ಲ. 1799ರ ನಂತರ ಬದುಕುಳಿದವರು ಮರಳಿ ಬಂದು ಎರಡನೇ ಸಲ ಶುರುಮಾಡಿದಾಗ ಇಲ್ಲಿ ಕೆಳದಿಯ ರಾಣಿಯೂ ಇರಲಿಲ್ಲ, ಪೋರ್ಚುಗೀಸರ ಕೋಟೆಯೂ ಇರಲಿಲ್ಲ. ಆಗ ಕಲ್ಲು ಹೊತ್ತವರು ಯಾರು?

ಶಾಸನಪ್ರಿಯ:
ಆ ಎರಡನೇ ಶುರುವಿನ ವಿಚಾರದಲ್ಲಿ ನನ್ನ ಬಳಿ ಎದುರು ಮಾತಿಲ್ಲ ಅಕ್ಕ. ಅದನ್ನು ಪುಸ್ತಕದಲ್ಲಿ ಬರೆಯಲೇಬೇಕು.

ಬ್ರಹ್ಮಾವರದವ:
ಸ್ವರ್ಣಾ ನದಿಯ ತೆಂಕು ದಡದಲ್ಲೇ ನಿಂತು ಮಾತಾಡುತ್ತಿದ್ದೀರಿ. ಬಡಗು ದಡಕ್ಕೂ ಬನ್ನಿ. ಗೋವೆಯಿಂದ ಬಂದವರ ವಂಶದವರೇ ನಾವೂ. ಮನೆಯ ಮಾತು ಕೊಂಕಣಿ, ಆದರೆ ಕೆಥೊಲಿಕರಲ್ಲ, ಬ್ರಹ್ಮಾವರದ ಸಿರಿಯನ್ ಆರ್ಥಡಾಕ್ಸ್ ಸಭೆಯವರು. 1886ರಲ್ಲಿ ಪೋರ್ಚುಗಲ್ ಮತ್ತು ರೋಮ್ ನಡುವೆ ಒಪ್ಪಂದವಾಗಿ ಈ ಸೀಮೆಯ ಇಗರ್ಜಿಗಳನ್ನು ಗೋವೆಯಿಂದ ಬಿಡಿಸಿ ಮಂಗಳೂರಿಗೆ ಸೇರಿಸಿದರು. ಮಂಗಳೂರಿನಲ್ಲಿ ಆಗ ಯುರೋಪಿನಿಂದ ಬಂದ ಯೇಸುಸಭೆಯ ಪಾದ್ರಿಗಳ ಆಡಳಿತ. ಒಂದಷ್ಟು ಕುಟುಂಬಗಳು ಇದನ್ನು ಒಪ್ಪಲಿಲ್ಲ. ಗೋವೆಯವರೇ ಆದ ಅಲ್ವಾರಿಸ್ ಪಾದ್ರಿ 1889ರಲ್ಲಿ ಕೊಟ್ಟಾಯಂನಲ್ಲಿ ಕೇರಳದ ಸಿರಿಯನ್ ಕ್ರೈಸ್ತರ ಮಲಂಕರ ಸಭೆಯಿಂದ ಬಿಷಪ್ ದೀಕ್ಷೆ ಪಡೆದು ಮಾರ್ ಜೂಲಿಯಸ್ ಆದರು. ಬ್ರಹ್ಮಾವರದಲ್ಲಿ ನಿಂತು ಜನರನ್ನು ನಡೆಸಿದವರು ರೋಕ್ ಜೆಫ್ರಿನ್ ನೊರೊನ್ಹಾ ಪಾದ್ರಿ, 1936ರಲ್ಲಿ ತೀರಿಕೊಳ್ಳುವವರೆಗೂ.

ನಾನು ಚಿಕ್ಕವನಿದ್ದಾಗ ನಮ್ಮನ್ನು ಇಗರ್ಜಿ ಒಡೆದವರು ಎಂದು ಕರೆದದ್ದನ್ನು ಕೇಳಿದ್ದೇನೆ. ಇವತ್ತಿಗೂ ನೋವಾಗುತ್ತದೆ. ವಲಸೆ ಬಂದವರೇ ಕಟ್ಟಿದ್ದು ಎಂದು ನೀವು ಹೇಳುವುದಾದರೆ, ಯಾರ ಕೈಕೆಳಗಿರಬೇಕೆಂದು ಹೇಳುವ ಹಕ್ಕೂ ಅವರಿಗಿತ್ತು ಎಂದು ಒಪ್ಪಬೇಕಲ್ಲ?

ಬಾರ್ಕೂರಿನವಳು:
ನಿಮ್ಮ ನೋವಿಗೆ ನನ್ನ ಬಳಿ ಸಮಜಾಯಿಷಿ ಇಲ್ಲ, ಹಾಗೆ ಕರೆದದ್ದು ತಪ್ಪು. ಆದರೆ ಹಕ್ಕಿನ ಮಾತಿನಲ್ಲಿ ನನ್ನ ಭಿನ್ನಾಭಿಪ್ರಾಯ ಉಳಿಯುತ್ತದೆ. ಇನ್ನೂರು ವರ್ಷ ಇಲ್ಲಿ ಬದುಕಿದ ಮೇಲೂ ಪಾದ್ರಿ ಗೋವೆಯಿಂದಲೇ ಬರಬೇಕು ಎಂದು ಹಟ ಹಿಡಿದದ್ದು ಯಾಕೆ? ಉಳಿದವರು ಕಣ್ಣೀರು ಹಾಕಿಕೊಂಡೇ ಮಂಗಳೂರನ್ನು ಒಪ್ಪಿಕೊಂಡರು. ಅದರ ಫಲವಾಗಿ ನಮ್ಮದೇ ನೆಲದ ಧರ್ಮಗುರುಗಳು ಬಂದರು. 2012ರಲ್ಲಿ ಉಡುಪಿಗೆ ಪ್ರತ್ಯೇಕ ಧರ್ಮಪ್ರಾಂತ್ಯವಾದಾಗ ಪ್ರಧಾನ ದೇವಾಲಯವಾದದ್ದು ಕಲ್ಯಾಣಪುರದ ಇದೇ ಮಿಲಾಗ್ರಿಸ್.

ಬ್ರಹ್ಮಾವರದವ:
ಗೋವೆ ಎಂದರೆ ಅವರಿಗೆ ಬರೀ ಊರಲ್ಲ ಅಕ್ಕ. ಪಾಪನಿವೇದನೆ ತಮ್ಮ ಮಾತಿನಲ್ಲಿ ಕೇಳುವ ಪಾದ್ರಿ ಎಂದರ್ಥ. ಇಟಲಿಯಿಂದ ಬಂದವರಿಗೆ ಮನಸ್ಸು ಬಿಚ್ಚುವುದು ಹೇಗೆ?

ಮಿಲ್ವಾಕಿಯಿಂದ:
ನಾನು ಹುಟ್ಟಿದ್ದು ಉಡುಪಿಯಲ್ಲಿ, ಈಗ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದೇನೆ. ಇದೇ ಮಾರ್ ಜೂಲಿಯಸ್ 1892ರಲ್ಲಿ ಕೊಲಂಬೊದಲ್ಲಿ ರೆನೆ ವಿಲಾಟ್ ಎಂಬವರಿಗೆ ಬಿಷಪ್ ದೀಕ್ಷೆ ಕೊಟ್ಟರು. ಆ ವಿಲಾಟ್ ಕೆಲಸ ಮಾಡುತ್ತಿದ್ದದ್ದು ನಾನಿರುವ ರಾಜ್ಯದಲ್ಲೇ, ಗ್ರೀನ್ ಬೇ ಪಕ್ಕದ ಹಳ್ಳಿಗಳಲ್ಲಿ, ಬೆಲ್ಜಿಯಂನಿಂದ ವಲಸೆ ಬಂದ ಫ್ರೆಂಚ್ ಮಾತಿನ ರೈತರ ನಡುವೆ. ಬ್ರಹ್ಮಾವರದ ಜಗಳದ ಒಂದು ಎಳೆ ಇಲ್ಲಿಯ ಹಿಮದವರೆಗೂ ಬಂದಿದೆ ಎಂದು ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ.

ಸ್ವರ್ಣೆಯ ದಡ:
ಎಲ್ಲರಿಗೂ ವಂದನೆ. ಪುಟವನ್ನು ತಿದ್ದಿದ್ದೇನೆ: "ಗೋವೆಯಿಂದ ಬಂದು ಇಲ್ಲಿ ಬೇಸಾಯಕ್ಕೆ ನಿಂತ ಕೊಂಕಣಿ ಕ್ರೈಸ್ತರಿಗಾಗಿ, ರಾಣಿ ಚೆನ್ನಮ್ಮ ಪೋರ್ಚುಗೀಸರಿಗೆ ಕೊಟ್ಟ ಅನುಮತಿಯಂತೆ ಎದ್ದ ಇಗರ್ಜಿ." 1784 ಮತ್ತು 1799ಕ್ಕೆ ಒಂದು ಪ್ಯಾರಾ ಇದೆ. ಬ್ರಹ್ಮಾವರಕ್ಕೆ ಬೇರೆಯೇ ಪುಟ. "ಒಡೆದು ಹೋದವರು" ಎಂದಿದ್ದ ಕಡೆ "ಬೇರೆ ದಾರಿ ಹಿಡಿದವರು" ಎಂದು ಹಾಕಿದ್ದೇನೆ.

ಶಾಸನಪ್ರಿಯ:
ದಾಖಲೆಯ ದೃಷ್ಟಿಯಿಂದ ಸರಿಯಿದೆ.

ಬಾರ್ಕೂರಿನವಳು:
"ಕ್ರೈಸ್ತರಿಗಾಗಿ" ಎಂಬುದು ಸರಿಯಿಲ್ಲ ಸರ್. ಯಾರೋ ಕಟ್ಟಿ ಅವರ ಕೈಗೆ ಕೊಟ್ಟಂತೆ ಕೇಳುತ್ತದೆ. ಮಣ್ಣು ಅಗೆದವರೂ ಅವರೇ, ಅಕ್ಕಿ ಅಳೆದು ಕೊಟ್ಟವರೂ ಅವರೇ. "ಕ್ರೈಸ್ತರು ಕಟ್ಟಿಕೊಂಡ" ಎಂದು ಹಾಕಿ.

ಸ್ವರ್ಣೆಯ ದಡ:
ಹಾಕಿದೆ ಅಕ್ಕ.