ಎ.ಎಫ್.ಓ. ಒಳಗೆ ಹಿಮ್ಮಡಿ ನಿಲ್ಲುತ್ತಿಲ್ಲ, ಬೊಟಾಕ್ಸ್ ಬೇಕೇ ಬೇಕಾ?

ಹಾಸನ_ತಾಯಿ:
ಮಗನಿಗೆ 4 ವರ್ಷ. ದಿನ ತುಂಬದೆ ಹುಟ್ಟಿದವನು, ಸ್ಪಾಸ್ಟಿಕ್ ಡೈಪ್ಲೀಜಿಯಾ (ಮಿದುಳಿನ ಗಾಯದಿಂದ ಎರಡೂ ಕಾಲು ಬಿಗಿಯಾಗೋದು). ವಾಕರ್ ಹಿಡಿದು ತುದಿಗಾಲಲ್ಲೇ ನಡೀತಾನೆ. ಎರಡೂ ಕಾಲಿಗೆ ಪ್ಲಾಸ್ಟಿಕ್ ಎ.ಎಫ್.ಓ. (ಪಾದ, ಗಂಟು ನೆಟ್ಟಗೆ ಹಿಡಿಯೋ ಅಚ್ಚು) ಮಾಡಿಸಿದ್ದೇವೆ. ಹಾಕಿದ ಸ್ವಲ್ಪ ಹೊತ್ತಿಗೇ ಹಿಮ್ಮಡಿ ಮೇಲೇಳುತ್ತೆ, ಪಾದದ ಒಳಬದಿ ಕೆಂಪಾಗುತ್ತೆ. ಡಾಕ್ಟರು ಬೊಟಾಕ್ಸ್ (ಸ್ನಾಯು ಸಡಿಲಿಸೋ ಇಂಜೆಕ್ಷನ್) ಅಂತಿದ್ದಾರೆ. ದಿನಾ ಕಾಲು ಎಳೆದು ಎಕ್ಸರ್‌ಸೈಜ್ ಮಾಡಿಸಿದರೆ ಸಾಲದಾ?

ಫಿಸಿಯೋ_ಧಾರವಾಡ:
ಮೊದಲು ಇದನ್ನು ನೋಡಿ. ಅಂಗಾತ ಮಲಗಿಸಿ, ಮಂಡಿ ಮಡಚಿ, ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಪಾದವನ್ನು ನಿಧಾನಕ್ಕೆ ಮೇಲಕ್ಕೆ ತನ್ನಿ. ಹಿಡಿತ ಬಿಡದೆ ಮಂಡಿ ನೆಟ್ಟಗೆ ಮಾಡಿ. ಮಡಚಿದಾಗ 90 ಡಿಗ್ರಿಗೆ ಬಂದು, ನೆಟ್ಟಗಾದಾಗ ಪಾದ ಮತ್ತೆ ಕೆಳಗೆ ಹೋದರೆ ಬಿಗಿ ಇರುವುದು ಮೀನಖಂಡದ ಸ್ನಾಯುವಾದ ಗ್ಯಾಸ್ಟ್ರೋಕ್ನೀಮಿಯಸ್‌ನಲ್ಲಿ. ಆ ಸ್ನಾಯು ಮಂಡಿಯನ್ನೂ ದಾಟಿ ಹೋಗುತ್ತದೆ. ಇನ್ನೊಂದು: ಬೇಗ ಎತ್ತಿದರೆ ನಡುವೆ ತಡೆದು, ನಿಧಾನಕ್ಕೆ ಎತ್ತಿದರೆ ಪೂರ್ತಿ ಬಂದರೆ ಅದು ಸ್ಪಾಸ್ಟಿಸಿಟಿ (ಬೇಗ ಎಳೆದಾಗ ಸ್ನಾಯು ತಾನಾಗಿ ಬಿಗಿಯುವುದು). ಬೊಟಾಕ್ಸ್ ಕೆಲಸ ಮಾಡುವುದು ಅದರ ಮೇಲೆ. ಹೇಗೆ ಎತ್ತಿದರೂ ಬರದಿದ್ದರೆ ಸ್ನಾಯುವೇ ಗಿಡ್ಡವಾಗಿದೆ ಎಂದರ್ಥ. ಬರೀ ಇಂಜೆಕ್ಷನ್ ಅದನ್ನು ಉದ್ದ ಮಾಡುವುದಿಲ್ಲ, ವಾರವಾರ ಬದಲಿಸುವ ಪ್ಲಾಸ್ಟರ್ ಕಾಸ್ಟ್ ಬೇಕಾಗಬಹುದು.

ಬೊಟಾಕ್ಸ್ ಪರಿಣಾಮ 3–4 ತಿಂಗಳಷ್ಟೇ. ಆ ಅವಧಿಯಲ್ಲಿ ಥೆರಪಿ, ಎ.ಎಫ್.ಓ. ಎರಡೂ ನಡೆಯದಿದ್ದರೆ ದುಡ್ಡು ದಂಡ. ಇನ್ನು ಕೈಯಲ್ಲಿ ಎಳೆಯುವುದು: ನಿಮಿಷಗಟ್ಟಲೆ ಎಳೆದದ್ದು ಮಿಕ್ಕ ಹೊತ್ತಿನ ಬಿಗಿತದ ಮುಂದೆ ನಿಲ್ಲದು. ಮಿದುಳಿನ ಗಾಯ ಹೆಚ್ಚುವುದಿಲ್ಲ ನಿಜ, ಆದರೆ ಮೂಳೆ ಬೆಳೆದಷ್ಟು ಬೇಗ ಬಿಗಿದ ಸ್ನಾಯು ಬೆಳೆಯುವುದಿಲ್ಲ.

ಆರ್ಥೋಟಿಸ್ಟ್_ಮೈಸೂರು:
ಹಾಕುವಾಗ ಕಾಲು ನೀಡಿಸಿ ಕೂರಿಸುತ್ತೀರಾ? ಬೇಡ. ಕುರ್ಚಿಯಲ್ಲಿ ಕೂರಿಸಿ, ಮಂಡಿ ಮಡಚಿಸಿ, ಹಿಮ್ಮಡಿಯನ್ನು ಹಿಂದಕ್ಕೂ ಕೆಳಕ್ಕೂ ಒತ್ತಿ. ಮೊದಲು ಬಿಗಿಯಬೇಕಾದ್ದು ಪಾದದ ಗಂಟಿನ ಪಟ್ಟಿ, ಮೀನಖಂಡದ್ದು ಆಮೇಲೆ. ಮೇಲಿನದನ್ನೇ ಮೊದಲು ಬಿಗಿದರೆ ಹಿಮ್ಮಡಿ ಕೂರುವ ಮುಂಚೆಯೇ ಕಾಲು ಸಿಕ್ಕಿಕೊಳ್ಳುತ್ತದೆ. ಹಿಮ್ಮಡಿ ಜಾಗದಲ್ಲಿ ಸಣ್ಣ ತೂತು ಕೊರೆಸಿಕೊಂಡರೆ ಅದು ತಳಕ್ಕೆ ತಾಗಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ.

ಒಳಗೆ ಮಂಡಿಯವರೆಗಿನ ಕಾಟನ್ ಸಾಕ್ಸ್, ಸುಕ್ಕಿಲ್ಲದೆ. ಬಿಚ್ಚಿದ ಮೇಲೆ 20–30 ನಿಮಿಷದಲ್ಲಿ ಕೆಂಪು ಮಾಯವಾದರೆ ಚಿಂತೆಯಿಲ್ಲ. ಹೋಗದಿದ್ದರೆ, ಗುಳ್ಳೆ ಎದ್ದರೆ ಹಾಕಬೇಡಿ. ಮಾಡಿದವರ ಹತ್ತಿರ ಒಯ್ದು ಆ ಜಾಗ ಬಿಸಿ ಮಾಡಿ ಹೊರಕ್ಕೆ ತಳ್ಳಿಸಿ. ಮನೆಯಲ್ಲಿ ಹತ್ತಿ ತುರುಕಿದರೆ ಒತ್ತಡ ಹೆಚ್ಚುತ್ತದೆ. ಮಂಡಿ ನೆಟ್ಟಗಿದ್ದಾಗ ಪಾದ 90ಕ್ಕೆ ಬರದಿದ್ದರೆ 90ಕ್ಕೆ ಅಚ್ಚು ತೆಗೆದದ್ದೇ ತಪ್ಪು. ಪಾದದ ನಡುಭಾಗ ಕುಸಿದು ಒಳಬದಿ ಉಜ್ಜುತ್ತದೆ.

ಹಾಸನ_ತಾಯಿ:
ನೋಡಿದೆ. ಮಡಚಿದಾಗ ಬರುತ್ತೆ, ನೆಟ್ಟಗಾದಾಗ ಬರಲ್ಲ. ಬೇಗ ಎತ್ತಿದರೆ ಕಾಲು ನಡುಗುತ್ತೆ.

ಫಿಸಿಯೋ_ಧಾರವಾಡ:
ಆ ನಡುಕ ಕ್ಲೋನಸ್, ಸ್ಪಾಸ್ಟಿಸಿಟಿಯದೇ ಗುರುತು. ಹಾಗಾದರೆ ಡಾಕ್ಟರ ಮಾತಲ್ಲಿ ಹುರುಳಿದೆ. ಇಂಜೆಕ್ಷನ್‌ಗೆ ಮುಂಚೆ ಎರಡು ಕೇಳಿ: ಯಾವ ಸ್ನಾಯುವಿಗೆ, ಅಲ್ಟ್ರಾಸೌಂಡ್ ನೋಡಿಕೊಂಡು ಕೊಡುತ್ತಾರಾ. ಜೊತೆಗೆ ಸೊಂಟದ ಎಕ್ಸ್‌ರೇ ಆಗಿದೆಯಾ? ವಾಕರ್ ಹಿಡಿದು ನಡೆಯುವ ಮಕ್ಕಳಲ್ಲಿ ತೊಡೆಮೂಳೆಯ ತಲೆ ನೋವೇ ಇಲ್ಲದೆ ಗುಳಿಯಿಂದ ಸರಿಯುವುದುಂಟು. ಮೈಗ್ರೇಶನ್ ಪರ್ಸೆಂಟೇಜ್ (ಆ ತಲೆ ಶೇಕಡಾ ಎಷ್ಟು ಗುಳಿಯಿಂದ ಹೊರಗಿದೆ ಎಂಬ ಅಂಕಿ) 30 ದಾಟಿದರೆ ಮಕ್ಕಳ ಆರ್ಥೋಪೆಡಿಕ್ ಸರ್ಜನ್ ನೋಡಬೇಕು. ರಿಪೋರ್ಟಿನಲ್ಲಿ ‘ನಾರ್ಮಲ್’ ಅಂತಷ್ಟೇ ಬರೆದಿದ್ದರೆ ಒಪ್ಪಬೇಡಿ, ಅಂಕಿ ಬರೆಸಿಕೊಳ್ಳಿ.