ಅಪ್‌ಡೇಟ್: ತಪ್ಪಿಸಿಕೊಂಡಿದ್ದ ಹ್ಯಾಮ್‌ಸ್ಟರ್ ಸಿಕ್ಕಿದ್ದಾನೆ!

ಪಂಜರದಿಂದ ಹೊರಬಿದ್ದು ಮನೆಯೊಳಗೇ ಮಾಯವಾಗಿದ್ದ ಹ್ಯಾಮ್‌ಸ್ಟರ್ (ಇಲಿಯಂಥ ಪುಟ್ಟ ಸಾಕುಪ್ರಾಣಿ) ಬಗ್ಗೆ ದಾವಣಗೆರೆಯಿಂದ ಕೇಳಿದ್ದೆನಲ್ಲ, ಸಿಕ್ಕಿದ್ದಾನೆ. ಆರಾಮಾಗಿದ್ದಾನೆ.

ಕೆಲಸಕ್ಕೆ ಬಂದಿದ್ದು ನೀವು ಹೇಳಿದ ಹಿಟ್ಟಿನ ಉಪಾಯ. ರಾತ್ರಿ ಮನೆಯ ಎಲ್ಲ ಹೊಸ್ತಿಲುಗಳ ಬಳಿ ತೆಳ್ಳಗೆ ಅಕ್ಕಿಹಿಟ್ಟು ಉದುರಿಸಿದೆವು. ಬೆಳಗ್ಗೆ ಅಡುಗೆಮನೆ ಬಾಗಿಲಲ್ಲಿ ಮಾತ್ರ ಪುಟ್ಟ ಪುಟ್ಟ ಹೆಜ್ಜೆ, ಅದೂ ಗೋಡೆಗೆ ಅಂಟಿಕೊಂಡೇ. "ಕೃಷ್ಣ ಜನ್ಮಾಷ್ಟಮಿ ಈಗ್ಲೇ ಬಂತಾ?" ಅಂತ ಅಮ್ಮ ನಕ್ಕರು. ರೂಮು ಗೊತ್ತಾದ ಮೇಲೆ ಅದೇ ಗೋಡೆ ಪಕ್ಕ ಬಕೆಟ್ ಇಟ್ಟೆವು. ತಳಕ್ಕೆ ದಪ್ಪಗೆ ಹಳೇ ಟವೆಲ್, ಮೇಲೆ ಸೂರ್ಯಕಾಂತಿ ಬೀಜ, ಹೊರಗಿನಿಂದ ಹತ್ತೋಕೆ ಮೆಟ್ಟಿಲಿನ ಹಾಗೆ ಪುಸ್ತಕಗಳು. ನಡುರಾತ್ರಿ ದೊಪ್ ಅಂತ ಸದ್ದು! ನುಣುಪು ಬಕೆಟ್, ಹತ್ತಿ ಬರೋಕಾಗಲಿಲ್ಲ.

ಪಂಜರ ತೆರೆದಿಟ್ಟರೂ ಅವನು ಅತ್ತ ತಿರುಗಿಯೂ ನೋಡಲಿಲ್ಲ. ಹಗಲು ಹುಡುಕಿದ್ದೂ ದಂಡ, ಇವು ರಾತ್ರಿ ಓಡಾಡೋ ಪ್ರಾಣಿಗಳು ಅಲ್ವಾ. ಇಲಿ ಹಿಡಿಯೋ ಅಂಟಿನ ಹಾಳೆ ಮಾತ್ರ ಯಾರೂ ಇಡಬೇಡಿ, ಬಿಡಿಸುವಾಗ ಚರ್ಮವೇ ಕಿತ್ತು ಬರಬಹುದು.

ಆಮೇಲೆ ಫ್ರಿಜ್ ಸರಿಸಿದರೆ ಹಿಂದೆ ಮಂಡಕ್ಕಿ ಗುಡ್ಡೆ! ಕೆನ್ನೆಯ ಚೀಲದಲ್ಲಿ ತುಂಬಿಕೊಂಡು ಸಾಗಿಸಿದ್ದಾನೆ ಕಳ್ಳ. ಪುಣ್ಯಕ್ಕೆ ಹಿಂದಿನ ವೈರು ಕಡಿದಿರಲಿಲ್ಲ.