ಕರ್ಚೀಫ್ ಕಟ್ಟಿಕೊಂಡು ಆ ಕೋಣೆಗೆ ಹೋಗಬೇಡ ಪುಟ್ಟ

ಪುಟ್ಟ, ನಿನ್ನ ಮೆಸೇಜ್ ಈಗ ನೋಡಿದೆ. ಥಾಣೆಯ ಘೋಡ್‌ಬಂದರ್ ರೋಡಿನ ಮನೆಯಲ್ಲಿ ಹಳೆ ಟೈಲ್ಸ್ ಒಡೆಯುತ್ತಿದ್ದಾರೆ, ಮನೆ ತುಂಬ ಧೂಳು, ಕರ್ಚೀಫ್ ಸಾಕಾ, ಎನ್95 ಬೇಕಾ, ಅಂಗಡಿಯವನು ನೀಲಿ ಸರ್ಜಿಕಲ್ ಮಾಸ್ಕೇ ಸಾಕು ಅಂತಾನೆ ಎಂದು ಕೇಳಿದ್ದೀಯ. ಟೈಪ್ ಮಾಡಲು ನನಗೆ ಕಣ್ಣು ಸಾಲದು, ಮಾತಿನಲ್ಲೇ ಹೇಳುತ್ತೇನೆ. ಉದ್ದವಾದರೂ ಪೂರ್ತಿ ಕೇಳು.

ಕರ್ಚೀಫ್ ಕಟ್ಟಿಕೊಂಡು ಆ ಕೋಣೆಗೆ ಕಾಲಿಡಬೇಡ. ಒದ್ದೆ ಮಾಡಿ ಕಟ್ಟಿಕೊಂಡರೂ ಬೇಡ.

ಮುಂಬೈಯ ಲಾಲ್‌ಬಾಗ್‌ನಲ್ಲಿದ್ದ ಭಾವನ ನೆನಪಿದೆ ಅಲ್ವಾ? ನೀನು ಅವರನ್ನು ನೋಡುವ ಹೊತ್ತಿಗೆ ಮಂಚ ಹಿಡಿದಿದ್ದರು. ಅವರದು ಬಟ್ಟೆ ಮಿಲ್ಲಿನಲ್ಲಿ ಕಾರ್ಡಿಂಗ್ ಖಾತೆ, ಹತ್ತಿಯನ್ನು ಬಾಚಿ ಎಳೆ ಬಿಡಿಸುವ ಜಾಗ. ಅಕ್ಕನ ಮದುವೆಯಾದ ಹೊಸತರಲ್ಲಿ ನಾನು ಅವರ ಚಾಳಿನ ಖೋಲಿಯಲ್ಲೇ, ಆ ಒಂದೇ ಕೋಣೆಯ ಮನೆಯಲ್ಲೇ ಇದ್ದೆ, ಎಲ್ಲ ಕಣ್ಣಾರೆ ಕಂಡಿದ್ದೇನೆ. ಪಾಳಿ ಮುಗಿಸಿ ಬಂದರೆ ಹುಬ್ಬು, ಕಿವಿ, ತಲೆಗೂದಲು ಎಲ್ಲ ಬಿಳಿ. ಬಾಗಿಲಲ್ಲೇ ನಿಂತು ಕರ್ಚೀಫ್ ಬಿಚ್ಚಿ ಕೊಡವುತ್ತಿದ್ದರು. ಹತ್ತಿಯ ನಾರು ಉದುರುತ್ತಿತ್ತು. "ನೋಡು, ಎಷ್ಟು ತಡೆದಿದೆ" ಅಂತ ಸಮಾಧಾನ ಪಡುತ್ತಿದ್ದರು. ತಡೆದದ್ದು ಕಣ್ಣಿಗೆ ಕಾಣುವ ನಾರನ್ನು ಮಾತ್ರ. ಕಾಣದ ಪುಡಿಯೆಲ್ಲ ಎದೆಯೊಳಗೆ ಹೋಗಿತ್ತು.

ಶುರುವಾದದ್ದು ಸೋಮವಾರಗಳಲ್ಲಿ. ಭಾನುವಾರ ರಜೆ, ಚೆನ್ನಾಗಿ ಓಡಾಡಿಕೊಂಡು ಇರುತ್ತಿದ್ದರು. ಸೋಮವಾರ ಕೆಲಸಕ್ಕೆ ಹೋಗಿ ಬಂದರೆ ಎದೆ ಬಿಗಿದುಕೊಂಡು ಕೂರುತ್ತಿದ್ದರು. ಮಂಗಳವಾರ, ಬುಧವಾರಕ್ಕೆ ಸ್ವಲ್ಪ ಸಡಿಲ. ಜೊತೆಯವರಿಗೂ ಹಾಗೇ ಆಗುತ್ತಿತ್ತಂತೆ. ಭಾನುವಾರದ ಊಟ ಜಾಸ್ತಿಯಾಯಿತು, ಕೆಲಸಕ್ಕೆ ಸೋಮಾರಿತನ ಅಂತ ಎಲ್ಲರೂ ಹೇಳುತ್ತಿದ್ದರು. ಬರುಬರುತ್ತಾ ಸೋಮವಾರದ್ದು ವಾರವಿಡೀ ಆಯಿತು. ಆಮೇಲೆ ಮೆಟ್ಟಿಲು ಹತ್ತುವಾಗ, ಕೊನೆಗೆ ಮಾತಾಡುವಾಗಲೂ ಉಸಿರು ಸಾಲದೆ ಹೋಯಿತು. ಮಿಲ್ಲಿನ ಡಾಕ್ಟರ್ ಬೀಡಿ ಕೆಮ್ಮು ಅಂತ ಬರೆದುಬಿಟ್ಟರು. ಭಾವ ಬೀಡಿ ಮುಟ್ಟಿದವರೇ ಅಲ್ಲ. ಬಹಳ ವರ್ಷದ ಮೇಲೆ ಬೇರೆ ಡಾಕ್ಟರ್ ಒಬ್ಬರು ಸೋಮವಾರದ ಕಥೆ ಕೇಳಿದ ಕೂಡಲೇ ಇದು ಬಿಸಿನೋಸಿಸ್, ಹತ್ತಿ ಧೂಳಿನ ಕಾಯಿಲೆ ಎಂದರು. ಮೊದಲೇ ಧೂಳಿನಿಂದ ದೂರ ಆಗಿದ್ದರೆ ಎದೆ ಸುಧಾರಿಸುತ್ತಿತ್ತು, ಈಗ ಹೊತ್ತು ಮೀರಿದೆ ಎಂದರು.

ನಿನ್ನ ಮನೆಯ ಧೂಳು ಹತ್ತಿಯದ್ದಲ್ಲ, ಅದಕ್ಕಿಂತ ಕೆಟ್ಟದ್ದು. ಟೈಲ್ಸ್, ಸಿಮೆಂಟ್, ಇಟ್ಟಿಗೆ, ಗ್ರಾನೈಟ್ ಎಲ್ಲದರಲ್ಲೂ ಸಿಲಿಕಾ ಇದೆ. ಅದರ ನುಣ್ಣನೆ ಪುಡಿ ಶ್ವಾಸಕೋಶದ ತಳಕ್ಕೆ ಇಳಿದು ಅಲ್ಲೇ ಗಾಯ ಕಟ್ಟುತ್ತದೆ. ಸಿಲಿಕೋಸಿಸ್ ಅಂತಾರೆ, ಬಂದರೆ ವಾಸಿ ಮಾಡುವ ಔಷಧಿ ಇಲ್ಲ, ಟಿಬಿ ಹಿಡಿಯುವ ಭಯವೂ ಜಾಸ್ತಿ. ನಿನಗೆ ನಾಲ್ಕು ದಿನದ ಕೆಲಸಕ್ಕೆ ಅಷ್ಟಾಗದಿರಬಹುದು. ದಿನವೂ ಅದೇ ಕೆಲಸ ಮಾಡುವ ಆ ಕಾರ್ಮಿಕ ಹುಡುಗರಿಗೆ ಆಗಬಹುದು. ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ. ಕರ್ಚೀಫ್ ಕಟ್ಟಿಕೊಂಡು ಆ ಕೋಣೆಗೆ ಹೋಗಬೇಡ, ಆ ಹುಡುಗರನ್ನೂ ಹಾಗೆ ಬಿಡಬೇಡ.

ಭಾವನಿಗೆ ಒಂದು ಪೈಸೆ ಪರಿಹಾರ ಸಿಗಲಿಲ್ಲ, ಗೊತ್ತಾ? ಪರಿಹಾರ ಕೊಡಬೇಕಾದ ಕಾಯಿಲೆಗಳ ಕಾನೂನಿನ ಪಟ್ಟಿಯಲ್ಲೇ ಇದು ಇದೆ. ಆದರೆ 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರ ಮಿಲ್ಲು ಮುಷ್ಕರ ಶುರುವಾಯಿತು, ಸುಮಾರು ಎರಡೂವರೆ ಲಕ್ಷ ಜನ ಕೆಲಸ ಬಿಟ್ಟು ಹೊರಗೆ ಬಂದರು. ಭಾವನ ಮಿಲ್ಲು ಆಮೇಲೆ ತೆರೆಯಲೇ ಇಲ್ಲ. ಕಾಗದಪತ್ರ ಕೇಳಲು ಹೋದರೆ ಆಫೀಸೇ ಇಲ್ಲ. ಅಕ್ಕ ಹಪ್ಪಳ ಒತ್ತಿ, ಊಟದ ಡಬ್ಬ ಕಟ್ಟಿ ಸಂಸಾರ ನಡೆಸಿದಳು. ಊರಿಂದ ಬಂದವರೆಲ್ಲ ಮೊದಲು ಇಳಿದದ್ದು ಅವರ ಖೋಲಿಯಲ್ಲೇ. ಎಷ್ಟು ಜನರಿಗೆ ಭಾವ ಹೋಟೆಲಿನಲ್ಲಿ ಕೆಲಸ ಹುಡುಕಿಕೊಟ್ಟರು! ಅವರು ಉಸಿರು ಸಿಗದೆ ರಾತ್ರಿಯೆಲ್ಲ ಕೂತೇ ಇರುತ್ತಿದ್ದಾಗ ಅವರಲ್ಲಿ ಒಬ್ಬರೂ ಬಂದು ನೋಡಲಿಲ್ಲ. ನಮ್ಮ ಮನೆಯವರ ಈ ಗ್ರೂಪಿನಲ್ಲೂ ಅಂಥವರು ಇದ್ದೀರಿ, ಹೆಸರು ಹೇಳುವುದಿಲ್ಲ. ದಾದರ್‌ಗೆ ಸೀರೆ ತೆಗೆಯಲು ಬರುತ್ತಿದ್ದಿರಿ, ಅಲ್ಲಿಂದ ಲಾಲ್‌ಬಾಗ್ ಎಷ್ಟು ದೂರ? ಅಕ್ಕ ಯಾವತ್ತೂ ಬಾಯಿ ಬಿಟ್ಟು ಹೇಳಲಿಲ್ಲ. ನನಗೆ ಮಾತ್ರ ಮರೆಯಲು ಆಗುವುದಿಲ್ಲ.

ಅಯ್ಯೋ, ನೀನು ಕೇಳಿದ್ದು ಯಾವ ಮಾಸ್ಕ್ ಅಂತ ಅಲ್ವಾ.

ಸರ್ಜಿಕಲ್ ಮಾಸ್ಕ್ ಬೇಡ, ಪಕ್ಕದಿಂದ ಗಾಳಿ ನುಗ್ಗುತ್ತದೆ. ಎನ್95 ತಗೋ, ಇಲ್ಲವೇ ಹೆಚ್ಚುಕಡಿಮೆ ಅದಕ್ಕೆ ಸಮನಾದ ಎಫ್‌ಎಫ್‌ಪಿ2. ನಮ್ಮ ದೇಶದ ಗುರುತು ಐಎಸ್ 9473, ಅದು ಮಾಸ್ಕಿನ ಮೇಲೆ ಇದೆಯಾ ನೋಡು. ಕಿವಿಗೆ ಸಿಕ್ಕಿಸುವುದು ಬೇಡ, ತಲೆಯ ಹಿಂದಕ್ಕೆ ಎರಡು ಪಟ್ಟಿ ಬರುವಂಥದ್ದು ತಗೋ. ಒಂದು ಪಟ್ಟಿ ನೆತ್ತಿಯ ಹಿಂದೆ, ಒಂದು ಕತ್ತಿನ ಹಿಂದೆ. ಮೂಗಿನ ತಂತಿಯನ್ನು ಎರಡೂ ಕೈಯಿಂದ ಒತ್ತು. ಮಾಸ್ಕಿನ ಮೇಲೆ ಎರಡೂ ಅಂಗೈ ಮುಚ್ಚಿ ಜೋರಾಗಿ ಉಸಿರು ಬಿಡು. ಕಣ್ಣಿನ ಹತ್ತಿರವೋ ಕೆನ್ನೆಯಲ್ಲೋ ಗಾಳಿ ಸೋರಿದರೆ ಸರಿಯಾಗಿ ಕೂತಿಲ್ಲ, ಮತ್ತೆ ಹಾಕು. ಆ ಗಡ್ಡ ತೆಗೆಸು ಪುಟ್ಟ. ಗಡ್ಡದ ಮೇಲೆ ಎಷ್ಟು ದುಬಾರಿ ಮಾಸ್ಕ್ ಹಾಕಿದರೂ ಕೂದಲ ಸಂದಿಯಲ್ಲಿ ಧೂಳು ಒಳಗೆ ಹೋಗುತ್ತದೆ. ಮಾಸ್ಕನ್ನು ತೊಳೆಯಬೇಡ. ಒದ್ದೆಯಾದರೆ, ಕೊಳೆಯಾದರೆ, ಉಸಿರು ಎಳೆಯಲು ಕಷ್ಟವಾದರೆ ಎಸೆದು ಹೊಸದು ಹಾಕು.

ದಿನವಿಡೀ ಕಟ್ ಮಾಡುವವನಿಗೆ ಮಾತ್ರ ಫಿಲ್ಟರ್ ಬದಲಾಯಿಸುವ ರಬ್ಬರ್ ಮಾಸ್ಕ್, ತೀರಾ ನುಣ್ಣನೆ ಧೂಳನ್ನೂ ತಡೆಯುವ ಪಿ100 ಫಿಲ್ಟರ್ ಹಾಕಿ ಕೊಡಿಸು. ಮುಂಬೈಯ ನಾಗದೇವಿ ಬೀದಿಯ ಸೇಫ್ಟಿ ಸಾಮಾನಿನ ಅಂಗಡಿಗಳಲ್ಲಿ ಕೇಳು. ಆಮೇಲೆ ಪೇಂಟ್, ಥಿನ್ನರ್ ಕೆಲಸ ಬಂದಾಗ ಈ ಧೂಳಿನ ಮಾಸ್ಕ್ ಅದರ ಆವಿಯನ್ನು ತಡೆಯಲ್ಲ, ಅದಕ್ಕೆ ಆವಿ ಹೀರುವ ಬೇರೆ ಕಾರ್ಟ್ರಿಜ್ ಬೇಕು.

ಮಾಸ್ಕಿಗಿಂತ ಮೊದಲು ಧೂಳು ಏಳದ ಹಾಗೆ ಮಾಡಬೇಕು. ಮಿಸ್ತ್ರಿಗೆ ಹೇಳು, ನೀರು ಬಿಡುತ್ತಾ ಕಟ್ ಮಾಡುವ ಮಷೀನನ್ನೇ ತರಲಿ. ಸಾದಾ ಗ್ರೈಂಡರ್ ಮೇಲೆ ನೀರು ಹೊಯ್ಯಬೇಡಿ, ಕರೆಂಟ್ ಹೊಡೆಯುತ್ತದೆ. ಒಣಕಸ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಅಡುಗೆಮನೆ ಕಟ್ಟೆಗೆ ಕಾರ್ಖಾನೆಯಲ್ಲಿ ಮಾಡಿದ ಕ್ವಾರ್ಟ್ಜ್ ಕಲ್ಲು ಹಾಕಿಸುತ್ತೇನೆ ಅಂದಿದ್ದೆ. ಅದರಲ್ಲಿ ಸಿಲಿಕಾ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಇರಬಹುದು, ಆಸ್ಟ್ರೇಲಿಯಾದಲ್ಲಿ 2024ರಲ್ಲಿ ಅಂಥ ಕಲ್ಲನ್ನೇ ನಿಷೇಧ ಮಾಡಿದರು. ಅದರ ಬದಲು ಸ್ಟೀಲ್ ಕಟ್ಟೆ ಹಾಕಿಸು.

ಸೊಸೆಯನ್ನೂ ಮಗುವನ್ನೂ ಕೆಲಸ ಮುಗಿಯುವ ತನಕ ನಮ್ಮ ಡೊಂಬಿವಲಿಗೆ ಕಳಿಸು, ಒಳಕೋಣೆ ಖಾಲಿ ಇದೆ. ನಾಳೆ ಮಿಸ್ತ್ರಿ ಬಂದ ಕೂಡಲೇ ನನಗೆ ಫೋನ್ ಮಾಡಿ ಅವನ ಕೈಗೆ ಕೊಡು, ನೀರಿನ ಮಷೀನಿನ ವಿಷಯ ನಾನೇ ಮರಾಠಿಯಲ್ಲಿ ಹೇಳುತ್ತೇನೆ.